ದೂರದ ಗುರಿಗೆ ಯಾವ ಕೋವಿ?

ಮಧ್ಯ ರೈಲ್ವೆಯ ಕಸಾರಾ ಮಾರ್ಗದಲ್ಲಿ ಕಲ್ಯಾಣವನ್ನು ಬಿಟ್ಟ ಲೋಕಲ್ ಗಾಡಿಯು ಶಹಾಡ, ಅಂಬಿವಲಿಗಳನ್ನು ದಾಟಿ ಟಿಟ್ವಾಳೆಗೆ ಬಂದು ನಿಲ್ಲುತ್ತದೆ. ಮಹಾಗಣಪತಿಯ ಮಂದಿರದಿಂದ ಪ್ರಸಿದ್ಧವಾದ ಈ ಊರು ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಸುಮಾರು 64 ಕಿಲೋಮೀಟರು ದೂರದಲ್ಲಿದೆ. ನಗರದ ಬಾಡಿಗೆಯನ್ನು ತಾಳಲಾರದೆ ಮೊದಲು ಡೊಂಬಿವಿಲಿಗೆ, ಅಲ್ಲಿಂದ ಕಲ್ಯಾಣಕ್ಕೆ, ಕಡೆಗೆ ಇಲ್ಲಿಗೆ ಸರಿದು ಬಂದ ನಮ್ಮ ಹೋಟೆಲು ನೌಕರರ ಮತ್ತು ಗುಮಾಸ್ತರ ಸಂಸಾರಗಳು ಇಲ್ಲಿ ಉಂಟು. ಅಂತಹ ಒಂದು ಸಂಸಾರದ ಯಜಮಾನರು, ಹೋಟೆಲೊಂದರ ಗಲ್ಲೆಯ ಮೇಲೆ ಕುಳಿತುಕೊಳ್ಳುವವರು, ಈಚೆಗೆ ನಮ್ಮನ್ನು ಒಂದು ವಿಚಿತ್ರವಾದ ಪ್ರಶ್ನೆ ಕೇಳಿದರು. ಅವರ ಮಗಳು ಕಾಲೇಜಿನ ಎನ್.ಸಿ.ಸಿ. ಶಿಬಿರದಲ್ಲಿ .22 ರೈಫಲನ್ನು ಹಾರಿಸಿ ಬಂದಿದ್ದಾಳೆ. ದೂರದ ಗುರಿ ಹೊಡೆಯುವ ವಿದ್ಯೆಯನ್ನು ಕಲಿತೇ ತೀರುವೆನೆಂದು ಹಟ ಹಿಡಿದಿದ್ದಾಳೆ. ತಂದೆಯವರ ಕೈಯಲ್ಲಿ ವರ್ಷಗಟ್ಟಲೆ ಕೂಡಿಟ್ಟ ಒಂದೂವರೆ ಲಕ್ಷ ರೂಪಾಯಿ ಇದೆ. ಯಾವ ರೈಫಲನ್ನು ಕೊಳ್ಳಬೇಕು?

ಹೋಟೆಲಿನ ಮಾಲಿಕರು ಇದನ್ನು ಕೇಳಿ, "ಹೆಣ್ಣು ಮಗುವಿನ ಕೈಗೆ ಕೋವಿ ಯಾಕೆ ಮಾರಾಯ್ರೇ? ಆ ದುಡ್ಡಿನಲ್ಲಿ ನಾಲ್ಕು ಬಳೆ ಮಾಡಿಸಿ" ಎಂದರಂತೆ. "ಬಳೆ ಬೇಡವಂತೆ ಶೆಟ್ರೇ, ನಾನೇನು ಮಾಡಲಿ?" ಎಂದು ಇವರ ಉತ್ತರ. ಬಳೆಯ ವಿಚಾರವನ್ನು ಶೆಟ್ಟರಿಗೆ ಬಿಟ್ಟುಬಿಡೋಣ. ಆದರೆ ಒಂದೂವರೆ ಲಕ್ಷ ರೂಪಾಯಿ ಗಲ್ಲೆಯ ನೌಕರನಿಗೆ ಸಣ್ಣ ಮೊತ್ತವಲ್ಲ. ಅದು ತಪ್ಪು ವಸ್ತುವಿನ ಮೇಲೆ ಹೋದರೆ ಹಣವೂ ಹೋಯಿತು, ಹುಡುಗಿಯ ಉತ್ಸಾಹವೂ ಹೋಯಿತು. ಕಾನೂನು ತಿಳಿಯದೆ ಕೊಂಡರಂತೂ ಪೊಲೀಸು ಠಾಣೆಯ ಮೆಟ್ಟಿಲನ್ನು ಹತ್ತಬೇಕಾದೀತು. ಆದುದರಿಂದ ಈ ಪ್ರಶ್ನೆಗೆ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಕೊಡಬೇಕಾಗಿದೆ.

ಇಂತಹ ಹಟ ನಮ್ಮ ಮಕ್ಕಳಲ್ಲಿ ಹುಟ್ಟಿದುದಕ್ಕೆ ಕಾರಣವಿಲ್ಲದೆ ಇಲ್ಲ. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ, 50 ಮೀಟರು ದೂರದ ಗುರಿಯನ್ನು ಮೊಣಕಾಲೂರಿ, ಮಲಗಿ, ನಿಂತು ಹೀಗೆ ಮೂರು ಭಂಗಿಗಳಲ್ಲಿ ಹೊಡೆಯುವ ಸ್ಪರ್ಧೆಯಲ್ಲಿ ಕಂಚಿನ ಪದಕವನ್ನು ಗಳಿಸಿದ ಸ್ವಪ್ನಿಲ್ ಕುಸಾಳೆ ಎಂಬ ತರುಣನು ಕೊಲ್ಹಾಪುರ ಜಿಲ್ಲೆಯ ಕಾಂಬಳವಾಡಿಯವನು. ಹೊಟ್ಟೆಪಾಡಿಗೆ ಮಧ್ಯ ರೈಲ್ವೆಯಲ್ಲಿ ಟಿಕೇಟು ತಪಾಸಣೆಯ ನೌಕರಿಯಲ್ಲಿದ್ದವನು. ಶಾಲಾ ಶಿಕ್ಷಕರಾದ ಅವನ ತಂದೆ ಮಗನ ಅಭ್ಯಾಸಕ್ಕಾಗಿ ಸಾಲ ಮಾಡಿದ ಸಂಗತಿ ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಬಂದಿತು. ಇದೇ ಮಧ್ಯ ರೈಲ್ವೆಯ ಡಬ್ಬಿಯಲ್ಲಿ ನಿತ್ಯವೂ ಜೋತಾಡುತ್ತ ಹೋಗುವ ನಮ್ಮ ಗುಮಾಸ್ತ ಬಂಧುಗಳಿಗೆ ಆ ವಾರ್ತೆ ಹೇಗೆ ತಟ್ಟಿರಬಹುದೆಂಬುದನ್ನು ಹೇಳಬೇಕಾಗಿಲ್ಲ. ಅದಕ್ಕಿಂತಲೂ ಹತ್ತಿರದ ಉದಾಹರಣೆ ಶ್ರೀಮತಿ ಸುಮಾ ಶಿರೂರ್ ಅವರದು. ಇವರು ಹುಟ್ಟಿದ್ದು ನಮ್ಮ ಚಿಕ್ಕಬಳ್ಳಾಪುರದಲ್ಲಿ. ಕಾರ್ಯಕ್ಷೇತ್ರ ನವಿಮುಂಬಯಿಯ ಸೆರಗಿನಲ್ಲಿರುವ ಪನ್ವೇಲು. 2004ರ ಏಷ್ಯಾ ಚಾಂಪಿಯನ್‌ಶಿಪ್ಪಿನಲ್ಲಿ, ಕ್ವಾಲಾಲಂಪುರದಲ್ಲಿ, 10 ಮೀಟರು ಏರ್ ರೈಫಲಿನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಅಂಕಗಳನ್ನು ಪಡೆದು ವಿಶ್ವದಾಖಲೆಯನ್ನು ಸರಿಗಟ್ಟಿದರು. ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸಿನ ಅಂತಿಮ ಸುತ್ತನ್ನೂ ಪ್ರವೇಶಿಸಿದರು. ಆಮೇಲೆ ಪನ್ವೇಲಿನಲ್ಲಿ ಲಕ್ಷ್ಯ ಶೂಟಿಂಗ್ ಕ್ಲಬ್ಬನ್ನು ಸ್ಥಾಪಿಸಿದರು. ಗಾಲಿಕುರ್ಚಿಯಲ್ಲಿ ಕುಳಿತು 2021ರಲ್ಲಿ ಟೋಕಿಯೋದಲ್ಲಿಯೂ 2024ರಲ್ಲಿ ಪ್ಯಾರಿಸ್ಸಿನಲ್ಲಿಯೂ ಪ್ಯಾರಾಲಿಂಪಿಕ್ ಚಿನ್ನವನ್ನು ಗೆದ್ದ ಅವನಿ ಲೇಖರಾ ಇವರ ಶಿಷ್ಯೆ.

ಇನ್ನು ಕೊಳ್ಳುವ ಮಾತು. ನಮ್ಮವರಲ್ಲಿ ಕೋವಿಯೆಂದರೆ ತಿಳಿಯದವರು ಕಡಿಮೆ. ದಕ್ಷಿಣ ಕನ್ನಡ, ಉಡುಪಿಗಳ ಅಡಕೆ ತೋಟಗಳಲ್ಲಿ ಹಂದಿ, ಮಂಗಗಳ ಕಾಟಕ್ಕೆಂದು ಲೈಸೆನ್ಸು ಪಡೆದ ಒಂಟಿ ನಳಿಗೆಯ ಕೋವಿ ಎಷ್ಟೋ ಮನೆಗಳ ಮಾಡದಲ್ಲಿ ತೂಗುತ್ತಿರುವುದು. ಚುನಾವಣೆ ಬಂತೆಂದರೆ ಅದನ್ನು ಠಾಣೆಯಲ್ಲಿ ಇರಿಸಬೇಕು, ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರಬೇಕು. ಅಷ್ಟರಲ್ಲಿ ಹಂದಿಗಳು ತಮ್ಮ ಕೆಲಸ ಮುಗಿಸಿರುತ್ತವೆ ಎಂಬುದು ಊರಿನ ಹಳೆಯ ಗೊಣಗಾಟ. ಕೊಡಗಿನವರ ಮಾತೇ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದಲೂ ಲೈಸೆನ್ಸಿನಿಂದ ವಿನಾಯಿತಿಯಿದೆ. ಭಾರತ ಸರ್ಕಾರವು 2019ರಲ್ಲಿ ಅದನ್ನು 2029ರ ವರೆಗೆ ಮುಂದುವರಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಸಲ್ಲಿಸಿ, ಮರದ ಮೇಲಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸಂಭ್ರಮವನ್ನು ಕಂಡವರು ಅದನ್ನು ಮರೆಯಲಾರರು.

ಆದರೆ ಊರಿನ ಅಜ್ಜನ ಕೋವಿಯನ್ನು ತಂದು ಟಿಟ್ವಾಳೆಯ ಮಗಳಿಗೆ ಕೊಡೋಣವೆಂದು ಯಾರೂ ಯೋಚಿಸಕೂಡದು. ಮೊದಲನೆಯದಾಗಿ, ಲೈಸೆನ್ಸು ವ್ಯಕ್ತಿಗೆ ಸೇರಿದ್ದು. ಅದು ಯಾವ ಪ್ರದೇಶದಲ್ಲಿ ಸಲ್ಲುವುದೆಂಬುದೂ ಅದರಲ್ಲಿಯೇ ಬರೆದಿರುತ್ತದೆ. ಅಜ್ಜನು ತೀರಿಕೊಂಡ ಮಾತ್ರಕ್ಕೆ ಕೋವಿ ಮೊಮ್ಮಗನದಾಗದು. ವಾರಸುದಾರನು ತನ್ನ ಹೆಸರಿಗೆ ಲೈಸೆನ್ಸು ಪಡೆಯಬೇಕು, ಇಲ್ಲವೆ ಕೋವಿಯನ್ನು ಠಾಣೆಗೋ ಲೈಸೆನ್ಸುಳ್ಳ ವ್ಯಾಪಾರಿಗೋ ಒಪ್ಪಿಸಬೇಕು. ಎರಡನೆಯದಾಗಿ, ತೋಟದ ಕೋವಿಯ ನಳಿಗೆಯ ಒಳಮೈ ನುಣುಪಾದುದು. ಅದರಿಂದ ಹೊರಡುವ ಚರೆಗಳು ಚದರಿ ಹೋಗುವುವು. ಹತ್ತಿರದ ಹಂದಿಗೆ ಅದು ಸಾಕು, ದೂರದ ಗುರಿಗೆ ಸಾಲದು. ರೈಫಲಿನ ನಳಿಗೆಯೊಳಗೆ ಸುರುಳಿ ಸುರುಳಿಯಾಗಿ ಕೊರೆದ ಗೆರೆಗಳಿರುತ್ತವೆ. ರೈಫಲ್ ಎಂಬ ಹೆಸರು ಬಂದದ್ದೂ ಆ ಗೆರೆಗಳಿಂದಲೇ. ಗುಂಡು ಆ ಗೆರೆಗಳನ್ನು ಕಚ್ಚಿಕೊಂಡು ಬುಗುರಿಯಂತೆ ತಿರುಗುತ್ತ ಹೊರಬೀಳುವುದು. ತಿರುಗುವ ಬುಗುರಿ ಹೇಗೆ ನೆಟ್ಟಗೆ ನಿಲ್ಲುವುದೋ ಹಾಗೆಯೇ ತಿರುಗುವ ಗುಂಡು ದಿಕ್ಕು ಕೆಡದೆ ಸಾಗುವುದು.

ಈಗ ಕಾನೂನನ್ನು ನೋಡೋಣ. 1959ರ ಆಯುಧ ಅಧಿನಿಯಮದ ಪ್ರಕಾರ ಬಂದೂಕನ್ನು ಹೊಂದಲು ಲೈಸೆನ್ಸು ಬೇಕು. ಅದನ್ನು ಕೊಡುವವರು ಪೊಲೀಸು ಕಮೀಷನರರ ವ್ಯಾಪ್ತಿಯ ನಗರಗಳಲ್ಲಿ ಕಮೀಷನರರು, ಉಳಿದೆಡೆ ಜಿಲ್ಲಾ ದಂಡಾಧಿಕಾರಿಗಳು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯಿಂದ ಸಾಮಾನ್ಯ ನಾಗರಿಕನು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ಮದುವೆ ಮೆರವಣಿಗೆಗಳಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸುವವರಿಗೆ ಎರಡು ವರ್ಷದ ವರೆಗೆ ಸೆರೆ, ಇಲ್ಲವೆ ಒಂದು ಲಕ್ಷದ ವರೆಗೆ ದಂಡ, ಇಲ್ಲವೆ ಎರಡೂ ಎಂದು ಅದೇ ತಿದ್ದುಪಡಿ ಹೇಳಿತು. ಹೀಗಿರಲಾಗಿ, .22 ಆಗಲಿ ಅದಕ್ಕಿಂತ ದೊಡ್ಡದಾಗಲಿ, ಮದ್ದಿನ ತೋಟೆಯ ರೈಫಲನ್ನು ಕಾಲೇಜಿನ ಹುಡುಗಿಗೆ ಅಂಗಡಿಯಿಂದ ತಂದುಕೊಡುವ ಮಾತೇ ಇಲ್ಲ.

ಉಳಿದದ್ದು ಗಾಳಿಕೋವಿ, ಅರ್ಥಾತ್ ಏರ್ ರೈಫಲು. 2016ರ ಆಯುಧ ನಿಯಮಗಳ ಪ್ರಕಾರ, ನಳಿಗೆಯ ರಂಧ್ರ .177 ಇಂಚು, ಎಂದರೆ 4.5 ಮಿಲಿಮೀಟರು ಮೀರದೆ, ಗುಂಡಿನ ಶಕ್ತಿ 20 ಜೂಲ್ ಮೀರದೆ ಇದ್ದರೆ ಅದಕ್ಕೆ ಲೈಸೆನ್ಸು ಬೇಡ. ಸ್ಪರ್ಧೆಯ ಏರ್ ರೈಫಲಿನ ಸೀಸದ ಪೆಲೆಟ್ಟು ಸುಮಾರು ಅರ್ಧ ಗ್ರಾಮು ತೂಗುವುದು. ಸೆಕೆಂಡಿಗೆ ಸುಮಾರು 175 ಮೀಟರು ವೇಗದಿಂದ ಹೊರಡುವುದು. ಲೆಕ್ಕ ಹಾಕಿದರೆ ಶಕ್ತಿ ಸುಮಾರು 8 ಜೂಲ್ ಆಗುತ್ತದೆ. ಕಾನೂನಿನ ಮಿತಿಯಿಂದ ಬಹಳ ಕೆಳಗೆ. ಅಂಗಡಿಯವನು "ಇದಕ್ಕಿಂತ ಜೋರಾದದ್ದು .22 ಏರ್‌ಗನ್ ಇದೆ, ಯಾರೂ ಕೇಳುವುದಿಲ್ಲ" ಎಂದು ಪುಸಲಾಯಿಸಿದರೆ ಅಲ್ಲಿಂದ ಎದ್ದು ಬರತಕ್ಕದ್ದು. ಗಾಳಿಯಿಂದ ಹಾರುವುದಾದರೂ ರಂಧ್ರ .177 ಮೀರಿದರೆ ಲೈಸೆನ್ಸು ಬೇಕು. ಕೊಂಡಾಗ ಗುರುತಿನ ಚೀಟಿಯನ್ನು ತೋರಿಸಿ, ರೈಫಲಿನ ನಂಬರನ್ನು ಬರೆದ ರಸೀದಿಯನ್ನು ಪಡೆದು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಇಲ್ಲಿ ವಾಚಕರು, "ಕೇಳಿದ್ದು ದೂರದ ಗುರಿ, ಹೇಳುತ್ತಿರುವುದು ಹತ್ತು ಮೀಟರಿನ ಗಾಳಿಕೋವಿ!" ಎಂದು ಮುಖ ತಿರುಗಿಸಬಹುದು. ಹತ್ತು ಮೀಟರು ಎಂದರೆ ಉದ್ದನೆಯ ಹೋಟೆಲಿನಲ್ಲಿ ಗಲ್ಲೆಯಿಂದ ಅಡುಗೆಮನೆಯ ಬಾಗಿಲಿನಷ್ಟು ದೂರ. ಆದರೆ ದೂರದ ವಿದ್ಯೆಯ ಬೀಜ ಅಲ್ಲಿಯೇ ಇದೆ. ಗುರಿಯ ತಪ್ಪನ್ನು ಅಳೆಯುವುದು ಕೋನದಿಂದ. ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು, ಎಂದರೆ ಒಂದು ಮಿನಿಟಿನಷ್ಟು, ನಳಿಗೆ ಓರೆಯಾದರೆ 10 ಮೀಟರಿನಲ್ಲಿ ಗುಂಡು ಸುಮಾರು 3 ಮಿಲಿಮೀಟರು ತಪ್ಪುವುದು. 50 ಮೀಟರಿನಲ್ಲಿ ಒಂದೂವರೆ ಸೆಂಟಿಮೀಟರು. 300 ಮೀಟರಿನಲ್ಲಿ ಸುಮಾರು 9 ಸೆಂಟಿಮೀಟರು. ಸಾವಿರ ಗಜದಲ್ಲಿ ಒಂದು ಗೇಣಿಗೂ ಹೆಚ್ಚು. ಕೈಯ ತಪ್ಪು ಎಲ್ಲ ಕಡೆಯೂ ಒಂದೇ. ದೂರವು ಅದನ್ನು ದೊಡ್ಡದಾಗಿ ತೋರಿಸುತ್ತದೆ, ಅಷ್ಟೆ.

10 ಮೀಟರಿನ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆ ಕೇವಲ ಅರ್ಧ ಮಿಲಿಮೀಟರು ಅಗಲ. ಪೆನ್ಸಿಲಿನ ಮೊನೆಯನ್ನು ಊರಿದರೆ ಮೂಡುವಷ್ಟು. ಪೆಲೆಟ್ಟಿನ ಅಂಚು ಆ ಚುಕ್ಕೆಯನ್ನು ಮುಟ್ಟಿದರೂ ಸಾಕು. ಹಾಗಾಗಿ ಪೆಲೆಟ್ಟಿನ ನಡುಬಿಂದು ಕೇಂದ್ರದಿಂದ ಎರಡೂವರೆ ಮಿಲಿಮೀಟರಿನೊಳಗೆ ಬಿದ್ದರೆ ಹತ್ತು. ಕೋನದ ಲೆಕ್ಕದಲ್ಲಿ ಇದು ಒಂದು ಮಿನಿಟಿಗಿಂತ ಕಡಿಮೆ. ಇಷ್ಟನ್ನು ಸತತವಾಗಿ ಸಾಧಿಸಿದವಳಿಗೆ 50 ಮೀಟರಾಗಲಿ 300 ಮೀಟರಾಗಲಿ ಹೊಸದಾಗಿ ಕಲಿಸುವುದು ಗಾಳಿಯನ್ನು ಓದುವುದು, ಗುಂಡಿನ ಇಳಿತವನ್ನು ಎಣಿಸುವುದು, ಮದ್ದಿನ ಒದೆತವನ್ನು ತಾಳುವುದು ಇವಿಷ್ಟೇ. ಇದನ್ನು ಸಾಧಿಸದವನಿಗೆ ಎಂತಹ ದೂರದ ರೈಫಲನ್ನು ಕೊಟ್ಟರೂ ವ್ಯರ್ಥ. ದೇಶಕ್ಕೆ ಮೊದಲನೆಯ ವೈಯಕ್ತಿಕ ಒಲಿಂಪಿಕ್ ಚಿನ್ನವನ್ನು 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ತಂದುಕೊಟ್ಟದ್ದೂ ಈ ಹತ್ತು ಮೀಟರಿನಿಂದಲೇ ಎಂಬುದನ್ನು ಮರೆಯಬಾರದು.

ದುರ್ಬೀನಿನ ವಿಷಯದಲ್ಲಿ ತರುಣರಿಗೆ ಬಹಳ ವ್ಯಾಮೋಹ. ಸಿನೆಮಾದ ಪ್ರಭಾವವಿರಬೇಕು. ಒಲಿಂಪಿಕ್ ರೈಫಲು ಸ್ಪರ್ಧೆಗಳಲ್ಲಿ ರೈಫಲಿನ ಮೇಲೆ ದುರ್ಬೀನಿಗೆ ಎಡೆಯೇ ಇಲ್ಲ. ಕಣ್ಣಿನ ಹತ್ತಿರ ಸೂಜಿಗಣ್ಣಿನಂತಹ ರಂಧ್ರವುಳ್ಳ ಒಂದು ತಟ್ಟೆ, ನಳಿಗೆಯ ತುದಿಯಲ್ಲಿ ಒಂದು ಉಂಗುರ. ಆ ಉಂಗುರದ ಮಧ್ಯೆ ಕಪ್ಪು ವೃತ್ತವನ್ನು ಸಮವಾಗಿ ಕೂರಿಸುವುದೇ ಗುರಿ. ದೃಷ್ಟಿಯನ್ನು ಉಂಗುರದ ಮೇಲೆ ನಿಲ್ಲಿಸಬೇಕೇ ಹೊರತು ಗುರಿಹಲಗೆಯ ಮೇಲಲ್ಲ. ದುರ್ಬೀನು ಗುರಿಯನ್ನು ಹಿಗ್ಗಿಸುವಂತೆಯೇ ಕೈಯ ನಡುಕವನ್ನೂ ಹಿಗ್ಗಿಸಿ ತೋರಿಸುತ್ತದೆ. ಹೊಸಬನು ಅದನ್ನು ಕಂಡು ಗಾಬರಿಯಾಗಿ, ನಡುಕ ನಿಂತ ಕ್ಷಣವನ್ನು ಹಿಡಿಯಲು ಹೋಗಿ ಟ್ರಿಗರನ್ನು ಜಗ್ಗಿಬಿಡುವನು. ಆದುದರಿಂದ ಮೊದಲ ಎರಡು ವರ್ಷ ದುರ್ಬೀನಿಗೆ ಒಂದು ಪೈಸೆಯನ್ನೂ ವ್ಯಯಿಸಕೂಡದೆಂದು ನಮ್ಮ ಅಭಿಪ್ರಾಯ.

ಏರ್ ರೈಫಲಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಸ್ಪ್ರಿಂಗಿನದು, ನಳಿಗೆಯನ್ನು ಮಡಿಚಿ ಸ್ಪ್ರಿಂಗನ್ನು ಬಿಗಿಯುವಂಥದು. ಜಾತ್ರೆಯಲ್ಲಿ ಬಲೂನು ಹೊಡೆಯಲು ಕೊಡುವುದು ಇದರ ಬಡ ತಮ್ಮ. ಕೆಲವೇ ಸಾವಿರ ರೂಪಾಯಿಗೆ ಇದು ದೊರೆಯುವುದು. ಟ್ರಿಗರನ್ನು ಒತ್ತಿದೊಡನೆ ಒಳಗಿನ ಕೊಂತ ಮುಂದಕ್ಕೆ ನುಗ್ಗಿ ಇಡೀ ರೈಫಲು ಹಿಂದುಮುಂದೆ ಅಲುಗುತ್ತದೆ. ಪೆಲೆಟ್ಟು ನಳಿಗೆಯಿಂದ ಹೊರಬೀಳುವ ಮೊದಲೇ ಈ ಅಲುಗಾಟ ಶುರುವಾಗುವುದರಿಂದ ಹಿಡಿತದಲ್ಲಿ ಕಿಂಚಿತ್ ವ್ಯತ್ಯಾಸವಾದರೂ ಗುರಿ ತಪ್ಪುತ್ತದೆ. ಎರಡನೆಯದು ಅದುಮಿದ ಗಾಳಿಯದು. ನಳಿಗೆಯ ಕೆಳಗೆ ಒಂದು ಸಣ್ಣ ಸಿಲಿಂಡರು. ಅದರಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿ, ಎಂದರೆ ನಮ್ಮ ಸುತ್ತಲಿನ ಗಾಳಿಯ ಇನ್ನೂರು ಪಟ್ಟು. ಇದರಲ್ಲಿ ಒದೆತವೇ ಇಲ್ಲವೆನ್ನಬಹುದು. ಸ್ಪರ್ಧೆಗಳಲ್ಲಿ ಈಗ ಕಾಣುವುದೆಲ್ಲ ಇದೇ ಬಗೆ. ಜರ್ಮನಿಯ ಫೈನ್‌ವೆರ್ಕ್‌ಬಾವ್, ವಾಲ್ಟರ್, ಆನ್ಶುಟ್ಸ್, ಆಸ್ಟ್ರಿಯದ ಸ್ಟೈರ್ ಇವು ಹೆಸರಾದ ತಯಾರಕರು. ಹೊಸದರ ಬೆಲೆ ಲಕ್ಷಗಳಲ್ಲಿ. ನಮ್ಮ ಗಲ್ಲೆಯ ಮಿತ್ರರ ಒಂದೂವರೆ ಲಕ್ಷ ಸಾಲದು. ನಮ್ಮ ಠಾಣೆ ಜಿಲ್ಲೆಯಲ್ಲಿಯೇ ಪ್ರೆಸಿಹೋಲ್ ಎಂಬ ಕಂಪನಿಯು ಏರ್ ರೈಫಲುಗಳನ್ನು ತಯಾರಿಸುತ್ತದೆ. ವಿದೇಶದ ಮಾಲಿಗಿಂತ ಅವು ಎಷ್ಟೋ ಅಗ್ಗ. ಕಲಿಯುವವರಿಗೆ ಇವನ್ನು ಅಲ್ಲಗಳೆಯಬೇಕಾಗಿಲ್ಲ.

ಆದರೂ ನಮ್ಮ ಸಲಹೆಯೇನೆಂದರೆ, ಮೊದಲ ಮೂರು ತಿಂಗಳು ಯಾವ ರೈಫಲನ್ನೂ ಕೊಳ್ಳಬೇಡಿರಿ. ಕ್ಲಬ್ಬಿಗೆ ಸೇರಿ, ಅಲ್ಲಿಯ ರೈಫಲನ್ನೇ ಬಾಡಿಗೆಗೆ ಹಿಡಿಯಲಿ. ವರಳಿಯಲ್ಲಿ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿನ ಹಳೆಯ ಗುರಿಮೈದಾನವಿದೆ. ದಾದರದ ಕೀರ್ತಿ ಕಾಲೇಜಿನಲ್ಲಿ ಓದುತ್ತಿದ್ದಾಗ ಎನ್.ಸಿ.ಸಿ.ಯ ಮೂಲಕ ರೈಫಲು ಹಿಡಿದು, 2000ದ ಸಿಡ್ನಿ ಒಲಿಂಪಿಕ್ಸಿನ ಅಂತಿಮ ಸುತ್ತಿಗೇರಿದ ಅಂಜಲಿ ಭಾಗವತರಂತಹವರು ಮುಂಬಯಿಯಲ್ಲಿಯೇ ಬೆಳೆದವರು. ಟಿಟ್ವಾಳೆಯಿಂದ ವರಳಿಗೆ ಹೋಗುವುದಾದರೆ ದಾದರದ ವರೆಗೆ ಗಾಡಿ, ಮುಂದೆ ಬಸ್ಸು. ಪನ್ವೇಲಿಗಾದರೆ ಠಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಗಾಡಿಯನ್ನು ಹಿಡಿಯಬೇಕು. ಎತ್ತ ಹೋದರೂ ಬೆಳಿಗ್ಗೆ ಹೊರಟವರು ಅರ್ಧ ದಿವಸವನ್ನು ಅದಕ್ಕೇ ಮೀಸಲಿಡಬೇಕು. ವಾರಕ್ಕೆ ಮೂರು ದಿನ ಈ ಪ್ರಯಾಣವನ್ನು ಮೂರು ತಿಂಗಳು ಸಹಿಸಿಕೊಂಡ ಮೇಲೂ ಹಟ ಉಳಿದಿದ್ದರೆ ಆಗ ತಂದೆಯವರು ಹಣದ ಗಂಟನ್ನು ಬಿಚ್ಚಲಿ. ಕೆಲವು ಮಕ್ಕಳ ಹಟ ಮೊದಲ ಮಳೆಗಾಲದಲ್ಲಿಯೇ ಕರಗುವುದುಂಟು.

ಬಿಚ್ಚುವಾಗಲೂ ಮೊದಲ ಖರ್ಚು ರೈಫಲಿನದಲ್ಲ, ಉಡುಪಿನದು. ಇದನ್ನು ಕೇಳಿ ನಗುವವರಿದ್ದಾರೆ. ದಪ್ಪ ಕ್ಯಾನ್ವಾಸು ಮತ್ತು ಚರ್ಮದ ಕೋಟು, ಅದೇ ಬಗೆಯ ಷರಾಯಿ, ಚಪ್ಪಟೆ ಅಟ್ಟೆಯ ಬೂಟು, ಎಡಗೈಗೆ ಕೈಚೀಲ. ಐದೂವರೆ ಕಿಲೋಗ್ರಾಮಿನ ವರೆಗೆ ತೂಗಬಹುದಾದ ರೈಫಲನ್ನು ಹಿಡಿದು, 75 ನಿಮಿಷಗಳೊಳಗೆ 60 ಗುಂಡುಗಳನ್ನು ನಿಂತುಕೊಂಡೇ ಹೊಡೆಯಬೇಕಾದವರಿಗೆ ಬೆನ್ನು, ಸೊಂಟ, ಮೊಣಕಾಲುಗಳ ಆಸರೆಗೆ ಈ ಉಡುಪು ಬೇಕು. ರೈಫಲನ್ನು ಇನ್ನೊಬ್ಬರಿಂದ ಎರವಲು ತರಬಹುದು. ಇನ್ನೊಬ್ಬರ ಕೋಟನ್ನು ತೊಟ್ಟರೆ ಭುಜದ ಹತ್ತಿರ ಸುಕ್ಕುಗಟ್ಟಿ ಪ್ರತಿ ಗುಂಡಿಗೂ ರೈಫಲು ಬೇರೆ ಬೇರೆ ಜಾಗದಲ್ಲಿ ಕೂರುವುದು. ಬಟ್ಟೆಯ ದಪ್ಪ ಎರಡೂವರೆ ಮಿಲಿಮೀಟರನ್ನು ಮೀರಬಾರದು, ಬಿಗಿಯೂ ಮಿತಿಯಲ್ಲಿರಬೇಕು ಎಂದು ಅಂತರರಾಷ್ಟ್ರೀಯ ನಿಯಮವಿದೆ. ಸ್ಪರ್ಧೆಯ ದಿನ ಯಂತ್ರವಿಟ್ಟು ಅಳೆಯುತ್ತಾರೆ. ಬೆಳೆಯುವ ವಯಸ್ಸಿನ ಮಕ್ಕಳಿಗೆ ದುಬಾರಿಯದನ್ನು ಹೊಲಿಸಬಾರದು. ಇಲ್ಲಿ ಒಂದು ಮಾತು: ದಿನಕ್ಕೆ ಹತ್ತು ಹನ್ನೆರಡು ತಾಸು ನಿಂತು ಬಡಿಸುವ ನಮ್ಮ ಸಪ್ಲಾಯರ್ ಹುಡುಗರ ಕಾಲುಗಳು ಈ ವಿದ್ಯೆಗೆ ಮೊದಲೇ ಅರ್ಧ ಸಿದ್ಧವಾಗಿವೆ. ಮಧ್ಯಾಹ್ನ ಊಟದ ಗಿರಾಕಿಗಳು ಹೋದ ಮೇಲೆ ಸಂಜೆಯ ಚಹದ ವರೆಗಿನ ಬಿಡುವು ಅವರಿಗೆ ಅಭ್ಯಾಸದ ಹೊತ್ತಾಗಬಹುದು.

ಕಣ್ಣಿನ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಎರಡೂ ಕೈಗಳನ್ನು ಚಾಚಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಸಣ್ಣ ಕಿಂಡಿಯನ್ನು ಮಾಡಿ, ಅದರ ಮೂಲಕ ಗೋಡೆಯ ಗಡಿಯಾರವನ್ನು ಎರಡೂ ಕಣ್ಣುಗಳಿಂದ ನೋಡಬೇಕು. ಆಮೇಲೆ ಒಂದೊಂದೇ ಕಣ್ಣನ್ನು ಮುಚ್ಚಿದರೆ, ಯಾವ ಕಣ್ಣು ತೆರೆದಿರುವಾಗ ಗಡಿಯಾರ ಕಿಂಡಿಯೊಳಗೇ ಉಳಿಯುವುದೋ ಅದು ಯಜಮಾನ ಕಣ್ಣು. ಬಲಗೈಯವರಲ್ಲಿಯೂ ಎಡಗಣ್ಣು ಯಜಮಾನನಾಗಿರುವುದುಂಟು; ಅಂತಹವರು ರೈಫಲು ಕೊಳ್ಳುವ ಮೊದಲು ಕೋಚರೊಡನೆ ವಿಚಾರಿಸಬೇಕು, ಏಕೆಂದರೆ ರೈಫಲಿನ ಹಿಡಿ ಬಲಗೈಗೂ ಎಡಗೈಗೂ ಬೇರೆ. ಇನ್ನೊಂದು ಕಣ್ಣನ್ನು ಕಿವುಚಿ ಮುಚ್ಚುವ ಅಭ್ಯಾಸ ಬೇಡ. ಮುಖದ ಸ್ನಾಯುಗಳು ದಣಿಯುತ್ತವೆ. ಒಂದು ಬಿಳಿಯ ಪಟ್ಟಿಯನ್ನು ಅಡ್ಡ ಇಟ್ಟರೆ ಸಾಕು. ಇಡೀ ದಿನ ಲೆಕ್ಕದ ಪುಸ್ತಕವನ್ನೋ ಕಂಪ್ಯೂಟರನ್ನೋ ನೋಡಿ ಕಣ್ಣು ಸೋತ ಗುಮಾಸ್ತರು ಸಂಜೆಗಿಂತ ಬೆಳಗಿನ ಅಭ್ಯಾಸವನ್ನು ಆರಿಸುವುದು ಒಳ್ಳೆಯದು.

ಪೆಲೆಟ್ಟಿನ ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ದಿನಕ್ಕೆ ನೂರು ಹೊಡೆದರೆ 500ರ ಡಬ್ಬಿ ಐದು ದಿನಕ್ಕೆ ಖಾಲಿ. ವಾರಕ್ಕೆ ಮೂರು ದಿನದಂತೆ ವರ್ಷಕ್ಕೆ ಮೂವತ್ತು ಡಬ್ಬಿಗಳಾಗುತ್ತವೆ. ರೈಫಲಿನ ಬೆಲೆ ಒಂದು ಸಲದ್ದು. ಇದು ತಿಂಗಳ ಕಿರಾಣಿ ಸಾಮಾನಿನಂತೆ ಬರುತ್ತಲೇ ಇರುವ ಖರ್ಚು. ಗುರಿಹಲಗೆಯ ಹೊಡೆತಕ್ಕೆ ಚಪ್ಪಟೆ ತಲೆಯ ಪೆಲೆಟ್ಟೇ ಆಗಬೇಕು. ಅದು ಕಾಗದದಲ್ಲಿ ಅಚ್ಚುಕಟ್ಟಾದ ದುಂಡು ತೂತನ್ನು ಕೊರೆಯುತ್ತದೆ. ಒಂದೇ ಕಂಪನಿಯ ಪೆಲೆಟ್ಟಿನಲ್ಲಿಯೂ 4.49, 4.50 ಮಿಲಿಮೀಟರು ಎಂದು ತಲೆಯ ಅಳತೆ ಬೇರೆ ಇರುತ್ತದೆ. ಪ್ರತಿ ನಳಿಗೆಗೂ ಹಿಡಿಸುವ ಅಳತೆ ಒಂದಿರುವುದು. ನಾಲ್ಕಾರು ಬಗೆಗಳನ್ನು ರೈಫಲನ್ನು ಕಟ್ಟಿ ಹೊಡೆದು ನೋಡಿ ಆರಿಸಬೇಕು. ಆದರೆ ಇದೆಲ್ಲ ಎರಡನೆಯ ವರ್ಷದ ಚಿಂತೆ.

ರೈಫಲಿಗೆ ಬರೋಣ. ಒಂದೂವರೆ ಲಕ್ಷವಿದ್ದವರು ಉಡುಪಿಗೂ ಒಂದು ವರ್ಷದ ಪೆಲೆಟ್ಟಿಗೂ ಪ್ರಯಾಣಕ್ಕೂ ಕ್ಲಬ್ಬಿನ ಶುಲ್ಕಕ್ಕೂ ತೆಗೆದಿಟ್ಟು, ಉಳಿದುದರಲ್ಲಿ ದೇಶದಲ್ಲಿ ತಯಾರಾದ ಅದುಮಿದ ಗಾಳಿಯ ರೈಫಲನ್ನೋ, ಕ್ಲಬ್ಬಿನ ಹಿರಿಯ ಸದಸ್ಯರು ಬಳಸಿ ಮಾರುವ ವಿದೇಶದ ಹಳೆಯ ರೈಫಲನ್ನೋ ಕೊಳ್ಳಬಹುದು. ಹಳೆಯದನ್ನು ಕೊಳ್ಳುವಾಗ ಎಲ್ಲಕ್ಕೂ ಮೊದಲು ಸಿಲಿಂಡರಿನ ಮೇಲೆ ಕೊರೆದ ತಾರೀಖನ್ನು ನೋಡತಕ್ಕದ್ದು. ಹತ್ತು ವರ್ಷದ ಅವಧಿ ಮೀರಿದ ಸಿಲಿಂಡರನ್ನು ಸ್ಪರ್ಧೆಯಲ್ಲಿ ಬಳಸುವಂತಿಲ್ಲ. ಇನ್ನೂರು ಪಟ್ಟು ಒತ್ತಡದ ವಸ್ತು ಕೆನ್ನೆಯ ಪಕ್ಕದಲ್ಲಿರುವಾಗ ಇದು ಬರಿಯ ಕಾಗದದ ನಿಯಮವಲ್ಲ. ಮಾರುವವರು "ಇನ್ನೂ ಗಟ್ಟಿಯಾಗಿದೆ" ಎಂದರೆ, ಹೊಸ ಸಿಲಿಂಡರಿನ ಬೆಲೆಯನ್ನು ವಿಚಾರಿಸಿ ಅಷ್ಟನ್ನು ಮುರಿದುಕೊಂಡು ಕೊಡಿರಿ. ಗಾಳಿ ತುಂಬಿಸಿದ ಸಿಲಿಂಡರಿನ ಅಳತೆಯ ಮುಳ್ಳನ್ನು ಗುರುತು ಮಾಡಿಟ್ಟು ಮರುದಿನ ನೋಡಬೇಕು. ಇಳಿದಿದ್ದರೆ ಎಲ್ಲಿಯೋ ಸೋರುತ್ತಿದೆ. ಹಿಂಗಣ್ಣಿನ ತಟ್ಟೆಯ ತಿರುಪನ್ನು ಹತ್ತು ಗೀರು ಬಲಕ್ಕೆ, ಹತ್ತು ಗೀರು ಎಡಕ್ಕೆ ತಿರುಗಿಸಿ ಹೊಡೆದು ನೋಡಿದರೆ ಗುಂಡು ಮೊದಲಿನ ಜಾಗಕ್ಕೇ ಮರಳಬೇಕು. ಮರಳದಿದ್ದರೆ ತಿರುಪು ಸವೆದಿದೆ. ರೈಫಲಿನ ನಂಬರೂ ರಸೀದಿಯ ನಂಬರೂ ಒಂದೇ ಇರಬೇಕೆಂಬುದನ್ನು ಮತ್ತೆ ಹೇಳುವುದು ಬೇಡ. ಹಿಡಿಯ ಉದ್ದ, ಕೆನ್ನೆಯ ಹಲಗೆಯ ಎತ್ತರ ಇವು ಹೆಚ್ಚುಕಡಿಮೆ ಮಾಡಲು ಬರುವಂತಿರಲಿ. ರೈಫಲಿಗೆ ತಕ್ಕಂತೆ ಕುತ್ತಿಗೆಯನ್ನು ಬಗ್ಗಿಸುವ ಹುಡುಗಿ ಆರು ತಿಂಗಳಲ್ಲಿ ಕತ್ತುನೋವೆಂದು ಬಿಟ್ಟುಬಿಡುವಳು.

50 ಮೀಟರಿನ .22ಕ್ಕೆ ಹೋಗುವ ದಾರಿ ಇಲ್ಲಿಂದ ಮುಂದಿನದು. 12 ವರ್ಷ ತುಂಬಿದ ಮಕ್ಕಳು ಕೂಡ ಕ್ಲಬ್ಬಿನಲ್ಲಿ, ಕ್ಲಬ್ಬಿನ ಲೈಸೆನ್ಸಿನ ಆಯುಧದಿಂದ, ಹಿರಿಯರ ಕಣ್ಣೆದುರಿನಲ್ಲಿ ಅಭ್ಯಾಸ ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಸ್ವಂತ ರೈಫಲಿನ ಮಾತು 21 ತುಂಬಿ, ಸ್ಪರ್ಧೆಗಳಲ್ಲಿ ಹೆಸರು ಗಳಿಸಿದ ಮೇಲಿನದು. 1951ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ರೈಫಲ್ ಸಂಸ್ಥೆಯ ಮನ್ನಣೆಯನ್ನು ಪಡೆದವರಿಗೆ ವಿದೇಶದಿಂದ ಆಯುಧವನ್ನೂ ತೋಟೆಗಳನ್ನೂ ತರಿಸಿಕೊಳ್ಳಲು ಸೌಲಭ್ಯಗಳಿವೆ. .22ರ ಗುಂಡು 50 ಮೀಟರನ್ನು ದಾಟಲು ಸೆಕೆಂಡಿನ ಆರನೆಯ ಒಂದು ಭಾಗದಷ್ಟು ಹೊತ್ತು ಹಿಡಿಯುವುದು. ಅಷ್ಟರಲ್ಲಿಯೇ ಪಕ್ಕದ ಗಾಳಿ ಅದನ್ನು ಹತ್ತರಿಂದ ಒಂಬತ್ತಕ್ಕೆ, ಎಂಟಕ್ಕೆ ತಳ್ಳಬಲ್ಲುದು. ಅದಕ್ಕಾಗಿಯೇ ಮೈದಾನದಲ್ಲಿ ಸಣ್ಣ ಬಾವುಟಗಳನ್ನು ನೆಟ್ಟಿರುತ್ತಾರೆ. ಮಲಗಿ ಹೊಡೆಯಲು ತೋಳಿಗೆ ಬಿಗಿಯುವ ಪಟ್ಟಿ, ಮೊಣಕಾಲಿನ ಭಂಗಿಗೆ ಪಾದದಡಿಯ ದಿಂಬು, ಗುಂಡು ಬಿದ್ದ ಜಾಗವನ್ನು ನೋಡಲು ಕಾಲಿನ ಮೇಲೆ ನಿಲ್ಲಿಸಿದ ದುರ್ಬೀನು, ಕಿವಿಗೆ ಮುಚ್ಚಳ ಇವೆಲ್ಲ ಆಗ ಬೇಕಾಗುತ್ತವೆ. 300 ಮೀಟರು ಮತ್ತು ಅದಕ್ಕೂ ದೂರದ ಮೈದಾನಗಳು ನಮ್ಮ ದೇಶದಲ್ಲಿ ಹೆಚ್ಚಾಗಿ ಸೈನ್ಯದ ವಶದಲ್ಲಿವೆ. ಆ ಆಸೆ ಬಲವಾಗಿರುವ ತರುಣನಿಗೆ ಸೈನ್ಯವೇ ನೇರವಾದ ಹಾದಿ.

ಟಿಟ್ವಾಳೆಯ ಸುತ್ತಿನ ಗುಡ್ಡ, ಗದ್ದೆ, ಕಾಳು ನದಿಯ ದಡ ಇವನ್ನು ಕಂಡು ಏರ್‌ಗನ್ನನ್ನು ಹೆಗಲಿಗೇರಿಸಿ ಹಕ್ಕಿ ಹೊಡೆಯಲು ಹೋಗುವ ಹುಡುಗರಿಗೆ ಎರಡು ಕಟುವಾದ ಮಾತು. ಕೊಕ್ಕರೆಯಾಗಲಿ ಪಾರಿವಾಳವಾಗಲಿ, ಕಾಡುಹಕ್ಕಿಯನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಂತೆ ಅಪರಾಧ. ಎರಡನೆಯದಾಗಿ, 8 ಜೂಲಿನ ಪೆಲೆಟ್ಟು ಮನುಷ್ಯನ ಕಣ್ಣನ್ನು ಶಾಶ್ವತವಾಗಿ ಕುರುಡು ಮಾಡಲು ಧಾರಾಳವಾಗಿ ಸಾಕು. ಚಾಳಿನ ಗಚ್ಚಿನ ಮೇಲೆ, ಎರಡು ಕಟ್ಟಡಗಳ ಸಂದಿಯಲ್ಲಿ ಡಬ್ಬಿಯನ್ನಿಟ್ಟು ಹೊಡೆಯುವುದು ಬೇಡವೇ ಬೇಡ. ಗಟ್ಟಿಯಾದ ವಸ್ತುವಿಗೆ ಬಡಿದ ಸೀಸ ಹಿಂದಕ್ಕೆ ಚಿಮ್ಮುತ್ತದೆ. ಮನೆಯಲ್ಲಿ ಮಾಡಬೇಕಾದ ಅಭ್ಯಾಸ ಬೇರೆಯೇ ಇದೆ. ರೈಫಲಿನಲ್ಲಿ ಏನೂ ಇಲ್ಲವೆಂದು ಎರಡು ಸಲ ನೋಡಿ, ಗೋಡೆಯ ಮೇಲಿನ ಒಂದು ಚುಕ್ಕೆಗೆ ಗುರಿಯಿಟ್ಟು, ಟ್ರಿಗರನ್ನು ಬರಿದಾಗಿ ಒತ್ತುವುದು. ಅದುಮಿದ ಗಾಳಿಯ ರೈಫಲುಗಳಲ್ಲಿ ಇದಕ್ಕೆಂದೇ ಒಂದು ಕೀಲು ಇರುತ್ತದೆ. ಸ್ಪ್ರಿಂಗಿನದರಲ್ಲಿ ಹೀಗೆ ಮಾಡಿದರೆ ಕೊಂತ ಕೆಡುವುದು. ಪ್ರತಿದಿನ ಅರ್ಧ ತಾಸಿನ ಈ ಬರಿಗೈ ಅಭ್ಯಾಸಕ್ಕೆ ಪೆಲೆಟ್ಟಿನ ಖರ್ಚೂ ಇಲ್ಲ, ದಾದರದ ಪಾಸೂ ಬೇಡ.

ಗಾಡಿಯಲ್ಲಿ ರೈಫಲನ್ನು ಒಯ್ಯುವಾಗ ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರಬೇಕು. ರಸೀದಿಯ ನಕಲು ಮತ್ತು ಕ್ಲಬ್ಬಿನ ಗುರುತಿನ ಚೀಟಿ ಮೇಲು ಜೇಬಿನಲ್ಲಿರಲಿ. ಸ್ಟೇಷನ್ನಿನಲ್ಲಿ ಪೊಲೀಸರು ಕೇಳಿದರೆ ಸಿಡುಕದೆ ತೋರಿಸುವುದು. ಅವರ ಕೆಲಸವೂ ಅದೇ. ಗುಂಪಿನ ಗಾಡಿಯಲ್ಲಿ ಪೆಟ್ಟಿಗೆಯನ್ನು ತೆರೆದು ಸಹಪ್ರಯಾಣಿಕರಿಗೆ ಪ್ರದರ್ಶಿಸುವುದು ಯಾರಿಗೂ ಶೋಭೆಯಲ್ಲ.

ಕಲ್ಯಾಣದಿಂದ ಆಚೆಗೆ ಮಳೆಗಾಲದ ನಾಲ್ಕು ತಿಂಗಳು ಗೋಡೆಗಳೂ ಬೆವರುತ್ತವೆ. ನೆಲಮಹಡಿಯ ಕೋಣೆಯವರು ರೈಫಲಿನ ಪೆಟ್ಟಿಗೆಯನ್ನು ನೆಲದಿಂದ ಎತ್ತರದಲ್ಲಿಡಬೇಕು. ಪೆಟ್ಟಿಗೆಯೊಳಗಿನ ಸ್ಪಂಜು ತೇವವನ್ನು ಹೀರಿ ಹಿಡಿದುಕೊಳ್ಳುವುದರಿಂದ, ಮನೆಗೆ ಬಂದೊಡನೆ ರೈಫಲನ್ನು ಹೊರತೆಗೆದು ಒರೆಸಿ, ನಳಿಗೆಯ ಹೊರಮೈಗೆ ಎಣ್ಣೆಯ ಬಟ್ಟೆಯನ್ನು ತೆಳ್ಳಗೆ ಸವರಿ, ತೇವ ಹೀರುವ ಸಿಲಿಕಾ ಹರಳಿನ ಚೀಲದೊಡನೆ ಇಡುವುದು. ಅಡುಗೆಯ ತೆಂಗಿನೆಣ್ಣೆ ಸಲ್ಲದು. ಜಿಗುಟಾಗಿ ಧೂಳನ್ನು ಹಿಡಿಯುತ್ತದೆ. ಇನ್ನು ಪೆಲೆಟ್ಟು ಸೀಸದ್ದೆಂಬುದು ನೆನಪಿರಲಿ. ನೂರು ಪೆಲೆಟ್ಟುಗಳನ್ನು ಬೆರಳಿನಿಂದ ಹಿಡಿದು ತುಂಬಿದ ಕೈಯಲ್ಲಿ ಕಣ್ಣಿಗೆ ಕಾಣದಷ್ಟು ಸೀಸ ಅಂಟಿಕೊಂಡಿರುತ್ತದೆ. ಅದು ಹೊಟ್ಟೆಗೆ ಸೇರಿದರೆ ಮೆಲ್ಲಗೆ ವಿಷವಾಗುವಂಥದು, ಮಕ್ಕಳಿಗಂತೂ ಹೆಚ್ಚು. ಗುರಿಮೈದಾನದಿಂದ ನೇರವಾಗಿ ಸಂಜೆಯ ಪಾಳಿಗೆ ಹೋಗುವ ನಮ್ಮ ಹುಡುಗರು ಸಾಬೂನು ಹಚ್ಚಿ ಮೊಣಕೈಯ ವರೆಗೆ ತೊಳೆದುಕೊಂಡು, ಅಂಗಿಯನ್ನು ಬದಲಿಸಿದ ಮೇಲೆಯೇ ತಟ್ಟೆ ಲೋಟಗಳನ್ನು ಮುಟ್ಟತಕ್ಕದ್ದು.